ರುಚಿಗೆ ತಕ್ಕಷ್ಟು ಸಾಹಸ

"ಅಣ್ಣಾ, ಸ್ವಲ್ಪ ಖಾರ-ಹುಳಿ ಜೋರಿರುವ ವೆಜ್ ಅಡುಗೆ ಪುಸ್ತಕ ಉಂಟಾ?"

"ಜೋರು ಬೇಕಾದ್ರೆ ಆಚೆ ಕಪಾಟು ನೋಡಿ ಅಕ್ಕ, ಕೋಳಿ-ಮೀನು ಅಲ್ಲಿ. ವೆಜ್ ಎಲ್ಲ ಈಚೆ, ಶುಗರ್-ಬಿಪಿ ಪುಸ್ತಕದ ಹತ್ರ ಇಟ್ಟಿದ್ದೇವೆ."

ಮಂಗಳೂರಿನ ಪುಸ್ತಕದಂಗಡಿಯಲ್ಲಿ ಸಸ್ಯಾಹಾರ ಅಂದರೆ ಪಥ್ಯದ ಪಕ್ಕದ ಮನೆ. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಪುಸ್ತಕ ಬಿಡಿಸಿ ನೋಡಿದರೆ ಅವನು ಇಟ್ಟ ಜಾಗವೇ ಸರಿ ಅನ್ನಿಸುತ್ತದೆ. ಮುಖಪುಟದಲ್ಲಿ ಟೊಮೆಟೊ ಸಿಪ್ಪೆಯ ಗುಲಾಬಿ, ಸೌತೆಕಾಯಿಯ ಹಂಸ. ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ "ದಿಟ್ಟ ರುಚಿಗಳ ಸಾಹಸಯಾತ್ರೆ". ಯಾತ್ರೆ ಹೊರಟರೆ ಮೊದಲ ನಿಲ್ದಾಣ ಪನೀರ್ ಶೆಜ್ವಾನ್, ಎರಡನೆಯದು ಬೇಬಿಕಾರ್ನ್ ಮಂಚೂರಿ, ಕೊನೆಯದು ಚೀಸ್ ನೀರುದೋಸೆ. ನೀರುದೋಸೆಯ ಮೇಲೆ ಚೀಸ್ ತುರಿಯುವುದು ಸಾಹಸವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಸಾಹಸ ಮಾಡಿದವರದ್ದಲ್ಲ, ತಿಂದವರದ್ದು.

ಶೆಜ್ವಾನ್ ಸಂಗತಿಯನ್ನೇ ತೆಗೆದುಕೊಳ್ಳಿ. ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಗೆ ಹೆಸರು ಬಂದದ್ದು ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳಿನಿಂದ. ನಮ್ಮಲ್ಲಿ ಶೆಜ್ವಾನ್ ಸಾಸ್ ಅಂತ ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ಒಣಮೆಣಸು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್. ಆ ಕಾಳಿನ ವಾಸನೆಯೂ ಅದರಲ್ಲಿ ಇರುವುದಿಲ್ಲ. ಕೆಲವು ದುಬಾರಿ ಪುಸ್ತಕಗಳು ಮಾತ್ರ ಪ್ರಾಮಾಣಿಕವಾಗಿ "ಸಿಚುವಾನ್ ಕಾಳು, ಅರ್ಧ ಚಮಚ, ಆನ್‌ಲೈನಿನಲ್ಲಿ ಸಿಗುತ್ತದೆ" ಎಂದು ಬರೆಯುತ್ತವೆ. ಅದೇ ಜಾಂಥಾಕ್ಸೈಲಮ್ ಕುಲದ, ಅದೇ ರೀತಿ ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಳ್, ರಥಬೀದಿಯ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಹೆಸರಿನಲ್ಲೇ ಜುಮ್ಮು ಇಟ್ಟುಕೊಂಡು ಕೂತಿದೆ, ಪಾಪ. ಪುಸ್ತಕ ಬರೆಯುವವರ ಕಣ್ಣಿಗೆ ಅದು ಬೀಳಬೇಕಾದರೆ ಚೀನಾಕ್ಕೆ ಹೋಗಿ ಪ್ಯಾಕೆಟ್ಟಿನಲ್ಲಿ ವಾಪಸ್ ಬರಬೇಕೇನೋ.

ಅದನ್ನು ಬಳಸುವ ಕ್ರಮವೂ ಬ್ರಹ್ಮವಿದ್ಯೆಯಲ್ಲ. ನಾಲ್ಕು ಜನರ ಪದಾರ್ಥಕ್ಕೆ ಒಣಗಿದ ಕಾಯಿ ಎಂಟರಿಂದ ಹತ್ತು. ಬಾಯಿ ಬಿಟ್ಟ ಸಿಪ್ಪೆಯೊಳಗೆ ಮಿರುಗುವ ಕಪ್ಪು ಬೀಜ ಇದ್ದರೆ ತೆಗೆದು ಬಿಸಾಡಿ. ರುಚಿ ಇರುವುದು ಸಿಪ್ಪೆಯಲ್ಲಿ, ಬೀಜ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ಸಿಪ್ಪೆಯನ್ನು ಎರಡು ಚಮಚ ನೀರಿನಲ್ಲಿ ನೆನೆಸಿ, ಕಲ್ಲಿನಲ್ಲಿ ಸುಮ್ಮನೆ ಜಜ್ಜಿ, ಆ ನೀರಿನ ಸಮೇತ ಪದಾರ್ಥ ಕುದಿ ಬರುವಾಗ ಹಾಕಿ. ಮಸಾಲೆ ಜೊತೆ ಮಿಕ್ಸಿಗೆ ಹಾಕಿ ನುಣ್ಣಗೆ ಅರೆದರೆ ಕಹಿಯಾಗುತ್ತದೆ. ಮೇಲೆ ಒಗ್ಗರಣೆ ಬೇಡ, ಹಸಿ ತೆಂಗಿನೆಣ್ಣೆ ಒಂದು ಚಮಚ ಸಾಕು. ಸಾಸಿವೆ-ಕರಿಬೇವು ಸಿಡಿಸಿದರೆ ತೆಪ್ಪಳದ ಪರಿಮಳ ಅದರ ಅಡಿಗೆ ಬೀಳುತ್ತದೆ. ಇಷ್ಟು ಬರೆಯಲು ಆರು ಸಾಲು ಬೇಕು. ಪುಸ್ತಕದಲ್ಲಿ ಆ ಆರು ಸಾಲಿನ ಜಾಗ ಸೌತೆಕಾಯಿಯ ಹಂಸ ಕೊರೆಯುವ ವಿಧಾನಕ್ಕೆ ಮೀಸಲು.

ಇನ್ನು ಅಳತೆ. "ನಿಂಬೆ ಗಾತ್ರದ ಹುಣಸೆಹುಳಿ" ಎನ್ನುತ್ತದೆ ಪುಸ್ತಕ. ಯಾವ ನಿಂಬೆ ಮಾರಾಯ್ರೆ? ಸಂತೆಯ ಗೋಲಿಯಂಥ ನಿಂಬೆಯೋ, ಗಜನಿಂಬೆಯೋ? ಮೊದಲನೆಯದಾದರೆ 20 ಗ್ರಾಂ, ಎರಡನೆಯದಾದರೆ ಪದಾರ್ಥವನ್ನು ಹಿತ್ತಾಳೆ ಪಾತ್ರೆ ತಿಕ್ಕಲು ಬಳಸಬಹುದು. ಕರಾವಳಿಯಲ್ಲಿ ಅಡಿಕೆ ಗಾತ್ರ ಅಂದರೆ ಒಂದು ಲೆಕ್ಕಕ್ಕೆ ಸಿಗುತ್ತದೆ, ಅದನ್ನಾದರೂ ಬರೆಯಬಹುದಿತ್ತು. ಹೊಸ ಹುಣಸೆಯೋ ಹಳೆಯದೋ ಎಂದೂ ಹೇಳುವುದಿಲ್ಲ. ಹಳೆಯದು ಹಾಕಿದವರ ಸಾರು ಕಪ್ಪಾಗುತ್ತದೆ, ಪುಸ್ತಕದ ಫೋಟೊದಲ್ಲಿ ಅದು ಕೇಸರಿ. "ಕೆಂಪು ಮೆಣಸು 6" ಎಂದರೆ ಬಣ್ಣ ಕೊಡುವ ಬ್ಯಾಡಗಿಯೋ, ಕಣ್ಣೀರು ಕೊಡುವ ಗುಂಟೂರೋ? ಇಂಗು "ಚಿಟಿಕೆ" ಅಂತೆ. ಪುಡಿ ಇಂಗಿನಲ್ಲಿ ಹಿಟ್ಟು, ಅಂಟು ಬೆರೆತಿರುತ್ತದೆ, ಅದು ಚಿಟಿಕೆ ಸಾಲದು. ಗಟ್ಟಿ ಇಂಗಾದರೆ ಕಡಲೆಯ ಅರ್ಧದಷ್ಟನ್ನು ನೀರಲ್ಲಿ ಕರಗಿಸಿ ಹಾಕಿದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ.

ಎಲ್ಲದಕ್ಕೂ ಕಳಶವಿಟ್ಟಂತೆ "ಉಪ್ಪು ರುಚಿಗೆ ತಕ್ಕಷ್ಟು". ಇದನ್ನು ಕ್ಷಮಿಸಬಹುದಿತ್ತು, ಉಪ್ಪುಸೊಳೆ ಪಲ್ಯದ ಪುಟದಲ್ಲೂ ಅದೇ ಅಚ್ಚಾಗಿರದಿದ್ದರೆ. ಬೇಸಗೆಯಲ್ಲಿ ಬಲಿತ ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪಿನ ಜೊತೆ ತುಂಬಿಸಿ, ಮೇಲೆ ಭಾರ ಹೇರಿ, ಮಳೆಗಾಲಕ್ಕೆ ತೆಗೆಯುವ ಸರಕು ಅದು. ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ, ಒಂದು ಎಸಳು ಬಾಯಿಗೆ ಹಾಕಿ ನೋಡಿದ ಮೇಲೆಯೇ ಒಲೆಗೆ ಏರಿಸಬೇಕು. ಅಲ್ಲಿರುವ ಸಮಸ್ಯೆ ಉಪ್ಪು ಹಾಕುವುದಲ್ಲ, ಉಪ್ಪು ಬಿಡಿಸುವುದು. ಪುಸ್ತಕ ನಂಬಿ "ತಕ್ಕಷ್ಟು" ಹಾಕಿದವರು ಅಂಗಡಿಯ ಬಿಪಿ ಕಪಾಟಿಗೆ ತಾವಾಗಿಯೇ ಹೋಗುತ್ತಾರೆ. ಈಗ ತಿಳಿಯಿತಲ್ಲ, ಎರಡೂ ಅಕ್ಕಪಕ್ಕ ಯಾಕಿವೆ ಎಂದು.

ಆದರೆ ಇವುಗಳ ನಿಜವಾದ ಬಣ್ಣ ಬಯಲಾಗುವುದು ಹಾಗಲಕಾಯಿಯ ಪುಟದಲ್ಲಿ. "ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಚೆನ್ನಾಗಿ ಹಿಂಡಿ, ಮಜ್ಜಿಗೆಯಲ್ಲಿ ನೆನೆಸಿ, ತೊಳೆದು, ಕರಿಯಿರಿ. ಕಹಿಯೇ ಗೊತ್ತಾಗುವುದಿಲ್ಲ!" ಆಶ್ಚರ್ಯಸೂಚಕ ಚಿಹ್ನೆ ಅವರದ್ದೇ ಶೈಲಿ. ಕಹಿ ಗೊತ್ತಾಗಬಾರದು ಅಂದರೆ ಸೋರೆಕಾಯಿ ತರಬಹುದಿತ್ತು, ಅಗ್ಗವೂ ಹೌದು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತಂದು, ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು, ಕಾದ ಬೆಣಚುಕಲ್ಲು ಹಾಕಿ ಚುಂಯ್ ಅನ್ನಿಸಿ, ಖಾಲಿ ಹೊಟ್ಟೆಗೆ ಕುಡಿದು, ಮೇಲಿಂದ ಮೆಂತೆ ಗಂಜಿ ಉಣ್ಣುವ ಊರಿನವರಿಗೆ ಈ ಪಾಠ! (ಹಾಲೆ ಅಂತ ಕಾಸರಕನ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಮರ ಗುರುತಿಸಬಲ್ಲವರಿಗೆ ಬಿಟ್ಟ ಕೆಲಸ ಅದು, ಅಲ್ಲಿ ಮಾತ್ರ ಸಾಹಸ ಬೇಡ.)

ಹಾಗಲಕಾಯಿ ಮೆಣಸ್ಕಾಯಿಯಲ್ಲಿ ಕಹಿಯನ್ನು ಓಡಿಸುವುದಿಲ್ಲ, ಅದಕ್ಕೆ ಸರಿಸಾಟಿಯಾದ ನಾಲ್ಕು ಜನರ ಜೊತೆ ಕೂರಿಸುತ್ತಾರೆ. ಕಾಲು ಕಿಲೋ ಹಾಗಲಕ್ಕೆ ಹುಣಸೆ 25 ಗ್ರಾಂ, ಬೆಲ್ಲ 60ರಿಂದ 75 ಗ್ರಾಂ. ಹೋಳುಗಳು ಬೇಯಬೇಕಾದದ್ದು ಬರೀ ನೀರಿನಲ್ಲಲ್ಲ, ಈ ಹುಳಿ-ಬೆಲ್ಲ-ಉಪ್ಪಿನ ರಸದಲ್ಲಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ನೀರಿನಲ್ಲಿ ಬೇಯಿಸಿ ಆಮೇಲೆ ಹುಳಿ ಹಾಕಿದರೆ ಹೋಳು ಒಂದು ಕಡೆ, ರಸ ಒಂದು ಕಡೆ. ಅಷ್ಟರಲ್ಲಿ ಎಂಟು ಬ್ಯಾಡಗಿ, ಒಂದು ದೊಡ್ಡ ಚಮಚ ಉದ್ದಿನಬೇಳೆ, ಒಂದು ದೊಡ್ಡ ಚಮಚ ಕೊತ್ತಂಬರಿ, ಹತ್ತು ಕಾಳು ಮೆಂತೆ ಒಂದೊಂದಾಗಿ ಎಣ್ಣೆಯಲ್ಲಿ ಹುರಿಯಿರಿ. ಎರಡು ಚಮಚ ಎಳ್ಳನ್ನು ಬೇರೆಯೇ, ಎಣ್ಣೆ ಇಲ್ಲದೆ, ಚಟಪಟ ಅನ್ನುವವರೆಗೆ ಮಾತ್ರ. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದರೆ ಬೇಳೆ ಕೆಂಪಾಗುವುದರೊಳಗೆ ಮೆಂತೆ ಕಪ್ಪಾಗಿರುತ್ತದೆ, ಆಮೇಲೆ ಬೈಗುಳ ತಿನ್ನುವುದು ಹಾಗಲಕಾಯಿ. ಅರ್ಧ ಕಪ್ ತೆಂಗಿನತುರಿ ಸೇರಿಸಿ ಅರೆದು, ಹೋಳುಗಳಿಗೆ ಕೂಡಿಸಿ ದಪ್ಪಗೆ ಕುದಿಸಿ. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. ಇದನ್ನು ಪುಸ್ತಕದಲ್ಲಿ "ಹಾಗಲಕಾಯಿ ಸಿಹಿ ಕರಿ" ಎಂದು ಹೆಸರಿಸಿ ಬೆಲ್ಲ ದುಪ್ಪಟ್ಟು ಮಾಡಿ ಎಳ್ಳು ತೆಗೆದುಹಾಕಿದ್ದಾರೆ.

ಕೆಸುವಿನ ಎಲೆಗೆ ಅಕ್ಕಿಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವ ಪತ್ರೊಡೆಯ ಪುಟ ಇನ್ನೊಂದು ವಿಸ್ಮಯ: ಪಾಲಕ್ ಪತ್ರೊಡೆ. ಯಾಕಂದರೆ "ಕೆಸುವಿನ ಎಲೆ ಗಂಟಲು ತುರಿಸುತ್ತದೆ". ಹೌದು, ತುರಿಸುತ್ತದೆ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಅವು ಚುಚ್ಚುತ್ತವೆ. ಹಿಟ್ಟಿಗೆ ಹುಣಸೆ ಧಾರಾಳವಾಗಿ ಹಾಕುವುದು, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲದಂತೆ ಬೇಯಿಸುವುದು ಅದಕ್ಕೇ. ಎರಡು ಕಪ್ ಬೆಳ್ತಿಗೆ ಅಕ್ಕಿಗೆ 30 ಗ್ರಾಂ ಹುಣಸೆ ಬೇಕು. ಪುಸ್ತಕ ಅರ್ಧ ಚಮಚ ನಿಂಬೆರಸ ಹೇಳಿ, ಹತ್ತು ನಿಮಿಷ ಬೇಯಿಸಿ, ಗಂಟಲು ತುರಿಸಿದ್ದಕ್ಕೆ ಎಲೆಯನ್ನೇ ವಜಾ ಮಾಡಿತು. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ ಹುಟ್ಟುವ ಮರಕೆಸು ತಂದರೆ ತುರಿಕೆಯ ಕಾಟ ಇನ್ನೂ ಕಡಿಮೆ, ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಾಗಿ ಬರುತ್ತದೆ. ಹಿಟ್ಟು ಸಣ್ಣ ರವೆಯ ಹದಕ್ಕೆ, ಗಟ್ಟಿಯಾಗಿರಬೇಕು. ತೆಳುವಾದರೆ ಸುತ್ತುವಾಗಲೇ ಜಾರಿ ಬದಿಗೆ ಬರುತ್ತದೆ. ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಗೆಯದಿದ್ದರೆ ಎಲೆ ಮಡಚುವಲ್ಲಿ ಸೀಳುತ್ತದೆ. ಬಿಸಿ ಇರುವಾಗ ಕೊಯ್ದರೆ ಪುಡಿಪುಡಿ. ಪಾಲಕ್‌ಗೆ ಈ ಯಾವ ತಾಪತ್ರಯವೂ ಇಲ್ಲ ನಿಜ. ಹತ್ತೇ ನಿಮಿಷಕ್ಕೆ ಹಬೆಯಲ್ಲಿ ಕರಗಿ, ಹಸಿರು ಕಲೆಯ ಇಡ್ಲಿಯಾಗಿ ಹೊರಬರುತ್ತದೆ.

ಕಣಿಲೆಗೂ ಇದೇ ಗತಿ. ಎಳೆ ಬಿದಿರನ್ನು ಹೆಚ್ಚಿ ಮೂರು ದಿನ ನೀರಲ್ಲಿಟ್ಟು ದಿನಾ ನೀರು ಬದಲಿಸುವುದು ಶಾಸ್ತ್ರಕ್ಕಲ್ಲ, ಅದರಲ್ಲಿರುವ ಸಯನೈಡ್ ಅಂಶ ಹೋಗಬೇಕು. ಪುಸ್ತಕ "ಟಿನ್ ತೆರೆದು ನೀರು ಬಸಿಯಿರಿ" ಎನ್ನುತ್ತದೆ. ಮೊಳಕೆ ಹೆಸರಿನ ಜೊತೆ ಗಸಿ ಮಾಡಿದಾಗ ಬರುವ ಆ ಹುಳಿಹುಳಿ ಘಮ ಟಿನ್ನಿಗೆ ಎಲ್ಲಿಂದ ಬರಬೇಕು?

ಸಾಸಿವೆ-ತೆಂಗು ಅರೆದು ಮಾಡುವ 'ಮಾವಿನಹಣ್ಣಿನ ಸಾಸಿವೆ' ಎಂಬ ಪದಾರ್ಥವನ್ನು ಕುದಿಸಲು ಹೇಳುವ ಪುಸ್ತಕಗಳ ಬಗ್ಗೆ ಒಂದೇ ಮಾತು. ಸಾಸಿವೆಯ ಘಾಟು ಹುಟ್ಟುವುದೇ ಹಸಿ ಕಾಳನ್ನು ತಣ್ಣೀರು ಸೇರಿಸಿ ಅರೆದಾಗ. ಕುದಿಸಿದರೆ ಅದು ಹೋಗಿಬಿಡುತ್ತದೆ. ಒಂದು ಕಪ್ ತೆಂಗಿನತುರಿಗೆ ಅರ್ಧ ಚಮಚ ಸಾಸಿವೆ, ಅರೆದು ಹಾಕಿ ಸುಮ್ಮನಿರಿ.

ಯಾಕೆ ಹೀಗೆ ಎಂದು ಮುನ್ನುಡಿ ಓದಿದರೆ ಉತ್ತರ ಸಿಗುತ್ತದೆ: "ಸಾತ್ವಿಕ ಆಹಾರ". ಯಾರೋ ಒಂದು ದಿನ ಸಾತ್ವಿಕ ಎಂದರೆ ಸಪ್ಪೆ ಎಂದು ಅರ್ಥಕೋಶ ತಿದ್ದಿದ್ದಾರೆ, ಉಡುಪಿಯ ಹೆಸರಿನಲ್ಲೇ ತಿದ್ದಿದ್ದಾರೆ. ಉಡುಪಿಯಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ: ತರಕಾರಿ ಇಲ್ಲ, ಒಣಮೆಣಸಿಲ್ಲ, ಹುಣಸೆ ಇಲ್ಲ. ಆಗ ಅಡುಗೆಯವರು ಕೈಕಟ್ಟಿ ಕೂರಲಿಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವಿನಕಾಯಿ ಪುಡಿ ಹಿಡಿದರು. ಆ ಸಾರು ಕುಡಿದರೆ ಕಟ್ಟಿದ ಮೂಗು ಬಿಡುತ್ತದೆ. ವ್ರತದ ಊಟವೇ ಹೀಗಿರುವಾಗ ವ್ರತವಿಲ್ಲದ ದಿನ ಪನೀರ್ ತುಂಡಿಗೆ ಕ್ರೀಮ್ ಬಳಿಯುವುದನ್ನು "ಉಡುಪಿ ಶೈಲಿ" ಎಂದು ಅಚ್ಚು ಹಾಕುವ ಧೈರ್ಯವನ್ನು ಮೆಚ್ಚಬೇಕು. ಪುಸ್ತಕದಲ್ಲಿ ದಿಟ್ಟವಾಗಿರುವುದು ಅದೊಂದೇ.

ಹಾಗಂತ ಕನ್ನಡಕ್ಕೆ ಅಡುಗೆ ಬರೆಯಲು ಬರುವುದಿಲ್ಲ ಎನ್ನುವಂತಿಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದಿದ್ದಾನೆ, ಪೂರ್ತಿ ಸಸ್ಯಾಹಾರ, ಅದೂ ವಾರ್ಧಕ ಷಟ್ಪದಿಯಲ್ಲಿ. ಬದನೆ, ಬಾಳೆ, ಹಲಸು, ಕಳಲೆ (ನಮ್ಮ ಕಣಿಲೆ) ಎಲ್ಲಕ್ಕೂ ಜಾಗ ಕೊಟ್ಟಿದ್ದಾನೆ. ಒಣಮೆಣಸು ಇನ್ನೂ ನಮ್ಮ ಅಡುಗೆಮನೆಗೆ ಕಾಲಿಡದ ಕಾಲ ಅದು. ಛಂದಸ್ಸು ಕೆಡದಂತೆ ಕಳಲೆ ಬೇಯಿಸಿದವನ ಭಾಷೆಯಲ್ಲಿ ಇವತ್ತು ಗದ್ಯದಲ್ಲಿ, ಬಣ್ಣದ ಫೋಟೊ ಸಮೇತ, ಹುಣಸೆಯ ತೂಕ ಹೇಳಲಾಗುತ್ತಿಲ್ಲ.

ಕೊಳ್ಳಲೇಬೇಕೆಂದಿದ್ದರೆ ಅಂಗಡಿಯಲ್ಲಿ ನಿಂತೇ ಎರಡು ಪುಟ ತೆರೆಯಿರಿ. ಒಂದು ಹಾಗಲಕಾಯಿಯದ್ದು: "ಹಿಂಡಿ" ಎಂದಿದ್ದರೆ ಮುಚ್ಚಿಡಿ. ಇನ್ನೊಂದು ಬದನೆಯದ್ದು: ಉಡುಪಿ ಬಳಿಯ ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳದ ಪದಾರ್ಥ ಹೇಳಿ, ಕೆಳಗೆ "ಯಾವುದೇ ಬದನೆ ಆಗುತ್ತದೆ" ಎಂದು ಬರೆದಿದ್ದರೆ ಅದನ್ನೂ ಮುಚ್ಚಿಡಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಳ್ಳಕ್ಕೆ ಯಾವುದೋ ನೇರಳೆ ಬದನೆಯನ್ನು ಬದಲಿ ಕೊಡುವವರು ನಾಳೆ ಶಂಕರಪುರ ಮಲ್ಲಿಗೆಗೆ ಕಾಗದದ ಹೂ ಕೊಟ್ಟಾರು. ಗುಳ್ಳ ಬೇಗ ಬೇಯುತ್ತದೆ, ಬೇಳೆ ಬೆಂದ ಮೇಲೆ ಹಾಕಬೇಕು, ಹೆಚ್ಚಿದ ಕೂಡಲೇ ನೀರಿಗೆ ಬಿಡದಿದ್ದರೆ ಕಪ್ಪಾಗುತ್ತದೆ ಎಂದು ಬರೆದ ಪುಸ್ತಕ ಸಿಕ್ಕರೆ ಬೆಲೆ ನೋಡದೆ ತನ್ನಿ.

ಸಿಗದಿದ್ದರೆ ಆ ಹಂಸದ ಪುಸ್ತಕವನ್ನೇ ತಂದರೂ ಪೂರ್ತಿ ನಷ್ಟವಿಲ್ಲ. ಕೊನೆಯಲ್ಲಿ "ನಿಮ್ಮ ಟಿಪ್ಪಣಿಗಾಗಿ" ಎಂದು ಗೆರೆ ಎಳೆದ ನಾಲ್ಕು ಖಾಲಿ ಪುಟ ಇರುತ್ತವೆ, ಕಾಗದ ದಪ್ಪ, ಶಾಯಿ ಒಡೆಯುವುದಿಲ್ಲ. ಅಡುಗೆಭಟ್ಟರನ್ನೋ ದೊಡ್ಡಮ್ಮನನ್ನೋ ಕೂರಿಸಿ ಅಲ್ಲಿ ಬರೆದುಕೊಳ್ಳಿ: ತೆಪ್ಪಳ ಎಂಟು, ಬೀಜ ತೆಗೆದದ್ದು, ಜಜ್ಜಿದರೆ ಸಾಕು.