ಗೊಸಿನಿ ಬರೆದ ಜಗಳಗಳು, ಉಡೆರ್ಜೊ ಬರೆದ ಮಾಯೆಗಳು

ಆಸ್ಟೆರಿಕ್ಸ್ ಅಂದರೆ ಸೀಸರ್‌ನ ರೋಮಿಗೆ ಮಣಿಯದೆ ಶಕ್ತಿಮದ್ದಿನ ಬಲದಿಂದ ನಿಂತ ಒಂದು ಗಾಲ್ ಹಳ್ಳಿಯ, ಅಂದರೆ ಹಳೆಯ ಫ್ರಾನ್ಸಿನ ಹಳ್ಳಿಯ, ಫ್ರೆಂಚ್ ಕಾಮಿಕ್ಸ್. ಕಥೆ ಗೊಸಿನಿಯದು, ಚಿತ್ರ ಉಡೆರ್ಜೊ ಅವರದು. ಅದನ್ನು ಓದುವ ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ರೆನೆ ಗೊಸಿನಿ ತೀರಿಕೊಂಡ ಮೇಲೆ ಆಲ್ಬರ್ಟ್ ಉಡೆರ್ಜೊ ಒಬ್ಬರೇ ಬರೆದ ಪುಸ್ತಕಗಳು ನಿಜಕ್ಕೂ ಅಷ್ಟು ಸಪ್ಪೆಯಾ? ಅಥವಾ ಚಿಕ್ಕಂದಿನಲ್ಲಿ ಓದಿದ್ದೇ ಚೆಂದ ಅಂತ ನಾವು ಹಠ ಹಿಡಿದಿದ್ದೇವಾ? ಮೊನ್ನೆ ನಮ್ಮ ಗೆಳೆಯರ ನಡುವೆ ಇದೇ ಚರ್ಚೆ ಮತ್ತೆ ಎದ್ದಿತು. ಎಲ್ಲರೂ ತಮ್ಮ ತಮ್ಮ ಮೆಚ್ಚಿನ ಪುಸ್ತಕದ ಹೆಸರು ಹೇಳಿದರು. ಒಬ್ಬರಿಗೆ ಕ್ಲಿಯೋಪಾತ್ರ, ಒಬ್ಬರಿಗೆ ಬ್ರಿಟನ್, ಇನ್ನೊಬ್ಬರಿಗೆ ಸ್ವಿಟ್ಜರ್ಲೆಂಡ್. ಹೆಸರು ಬಂದದ್ದೆಲ್ಲ ಗೊಸಿನಿ ಬರೆದವೇ. ಯಾಕೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ "ಆಮೇಲೆ ಜೋಕ್ ಕಡಿಮೆಯಾಯಿತು" ಅನ್ನೋದು.

ನನಗೆ ಆ ಉತ್ತರ ಸಾಲದು. ಉಡೆರ್ಜೊ ಪುಸ್ತಕಗಳಲ್ಲೂ ಜೋಕ್‌ಗಳಿವೆ, ಕೆಲವು ಚೆನ್ನಾಗಿಯೂ ಇವೆ. ವ್ಯತ್ಯಾಸ ಇರುವುದು ಕಥೆಯನ್ನು ಯಾವುದು ಓಡಿಸುತ್ತದೆ ಅನ್ನುವುದರಲ್ಲಿ. ಗೊಸಿನಿಯ ಕಥೆ ಓಡುವುದು ಮನುಷ್ಯರ ಸ್ವಭಾವದ ಮೇಲೆ. ಹೊಟ್ಟೆಕಿಚ್ಚು, ದುಡ್ಡಿನಾಸೆ, ನೆರೆಯವರ ಮೇಲಿನ ಸಂಶಯ, "ನಾನೇ ದೊಡ್ಡವನು" ಅನ್ನೋ ಗತ್ತು. ಉಡೆರ್ಜೊ ಒಬ್ಬರೇ ಬರೆಯತೊಡಗಿದ ಮೇಲೆ ಕಥೆ ಓಡಿಸುವ ಕೆಲಸ ಮೆಲ್ಲಗೆ ಪವಾಡಗಳ ಕೈಗೆ ಹೋಯಿತು. ಇದನ್ನು ಒಬ್ಬನೇ ಪಾತ್ರಧಾರಿಯನ್ನು ಇಟ್ಟುಕೊಂಡು ತೋರಿಸಬಹುದು.

ಆ ಪಾತ್ರ ಹಳ್ಳಿಯ ಹಾಡುಗಾರ ಕ್ಯಾಕೋಫೋನಿಕ್ಸ್. ಅವನ ಹಾಡು ಅಂದರೆ ಇಡೀ ಊರು ಕಿವಿ ಮುಚ್ಚಿಕೊಳ್ಳುತ್ತದೆ. ಕೊನೆಯ ಪುಟದ ಹಬ್ಬದೂಟದಲ್ಲಿ ಬಹಳ ಸಲ ಅವನ ಬಾಯಿ ಕಟ್ಟಿ ಕೂರಿಸಿರುತ್ತಾರೆ. 1966ರಲ್ಲಿ ಬಂದ ನಾರ್ಮನ್ನರ ಕಥೆಯಲ್ಲಿ ಗೊಸಿನಿ ಈ ಹಾಡುಗಾರನನ್ನು ಹೇಗೆ ಬಳಸುತ್ತಾರೆ ನೋಡಿ. ಉತ್ತರದ ಕಡಲ ಯೋಧರಾದ ನಾರ್ಮನ್ನರಿಗೆ ಭಯ ಅಂದರೆ ಏನು ಅಂತಲೇ ಗೊತ್ತಿಲ್ಲ. ಭಯಕ್ಕೆ ರೆಕ್ಕೆ ಬರುತ್ತದೆ ಅಂತ ಕೇಳಿದ್ದಾರೆ, ಹಾಗಾಗಿ ಭಯ ಕಲಿತರೆ ಹಾರಬಹುದು ಅಂದುಕೊಂಡು ಹಡಗು ಹತ್ತಿ ಬಂದಿದ್ದಾರೆ. ಯಾವ ಏಟಿಗೂ ಹೆದರದ ಆ ಜನ ಕ್ಯಾಕೋಫೋನಿಕ್ಸ್ ಹಾಡಿಗೆ ಹೆದರುತ್ತಾರೆ. ಕೊನೆಗೆ ಹಬ್ಬದೂಟದಲ್ಲಿ ಹಾಡುಗಾರನಿಗೆ ಜಾಗ ಸಿಗುತ್ತದೆ, ಕಟ್ಟಿಹಾಕಿಸಿಕೊಳ್ಳುವವನು ಕಮ್ಮಾರ. 1971ರ ದೇವಭವನಗಳ ಕಥೆಯಲ್ಲಿ, ಅಂದರೆ ಇಂಗ್ಲಿಷಿನಲ್ಲಿ ನಾವು ಮ್ಯಾನ್ಶನ್ಸ್ ಆಫ್ ದಿ ಗಾಡ್ಸ್ ಅಂತ ಓದಿದ್ದರಲ್ಲಿ, ಅದೇ ಹಾಡು ಹಳ್ಳಿಯ ಪಕ್ಕ ರೋಮನ್ನರು ಕಟ್ಟಿದ ಅಪಾರ್ಟ್‌ಮೆಂಟ್ ಖಾಲಿ ಮಾಡಿಸುತ್ತದೆ. ಅವನನ್ನು ಬಾಡಿಗೆಗೆ ಅಲ್ಲಿ ಕೂರಿಸುತ್ತಾರೆ. ರಾತ್ರಿ ಅವನು ರಿಯಾಜ್ ಶುರು ಮಾಡುತ್ತಾನೆ. ರೋಮನ್ ಸಂಸಾರಗಳು ಗಂಟುಮೂಟೆ ಕಟ್ಟುತ್ತವೆ.

ಈಗ 1987ರಲ್ಲಿ ಉಡೆರ್ಜೊ ಬರೆದ ಹಾರುವ ಚಾಪೆಯ ಕಥೆ ತೆಗೆದುಕೊಳ್ಳಿ. ಇದು ನಮ್ಮ ದೇಶಕ್ಕೇ ಬರುವ ಕಥೆ, ಗಂಗಾ ಕಣಿವೆಯ ಒಂದು ರಾಜ್ಯ. ಅಲ್ಲಿ ಮಳೆಯಿಲ್ಲ. 1,001 ಗಂಟೆಯೊಳಗೆ ಮಳೆ ಬರದಿದ್ದರೆ ರಾಜಕುಮಾರಿಯನ್ನು ಬಲಿ ಕೊಡುತ್ತಾರೆ. ಒಬ್ಬ ಫಕೀರ ಚಾಪೆಯ ಮೇಲೆ ಹಾರಿಕೊಂಡು ಗಾಲ್‌ಗೆ ಬರುತ್ತಾನೆ, ಯಾಕೆಂದರೆ ಕ್ಯಾಕೋಫೋನಿಕ್ಸ್ ಹಾಡಿದರೆ ಮಳೆ ಸುರಿಯುತ್ತದೆ. ಮನೆಯೊಳಗೆ ಹಾಡಿದರೆ ಮನೆಯೊಳಗೇ ಸುರಿಯುತ್ತದೆ. ಅಪಸ್ವರ ಹಾಡಿದರೆ ಮಳೆ ಬರುತ್ತದೆ ಅನ್ನೋ ಮಾತು ಫ್ರಾನ್ಸಿನಲ್ಲಿದೆ, ಉಡೆರ್ಜೊ ಹಿಡಿದುಕೊಂಡದ್ದು ಅದನ್ನೇ. ನಮ್ಮಲ್ಲಿ ಅಮೃತವರ್ಷಿಣಿ ಹಾಡಿದರೆ ಮಳೆ ಬರುತ್ತದೆ ಅನ್ನುತ್ತೇವೆ, ಅಲ್ಲಿ ಸ್ವರ ತಪ್ಪಿದರೆ ಬರುತ್ತದೆ. ಕಲ್ಪನೆ ಮುದ್ದಾಗಿದೆ, ನಾನು ಇಲ್ಲ ಅನ್ನುವುದಿಲ್ಲ.

ಆದರೆ ಏನಾಯಿತು ನೋಡಿ. ಗೊಸಿನಿ ಕೈಯಲ್ಲಿ ಆ ಹಾಡು ಕೇಳುವವರ ಮೇಲೆ ಕೆಲಸ ಮಾಡುತ್ತಿತ್ತು. ಕೇಳಿದವನಿಗೆ ಹಿಂಸೆ, ಆ ಹಿಂಸೆಯಿಂದ ಅವನು ಏನೋ ಮಾಡುತ್ತಾನೆ, ಅದರಿಂದ ಕಥೆ ತಿರುಗುತ್ತದೆ. ಉಡೆರ್ಜೊ ಕೈಯಲ್ಲಿ ಹಾಡು ನೇರವಾಗಿ ಮೋಡದ ಮೇಲೆ ಕೆಲಸ ಮಾಡುತ್ತದೆ. ಮಧ್ಯದ ಮನುಷ್ಯರು ಬೇಕಾಗಿಲ್ಲ. ಹಾಡಿದ, ಮಳೆ ಬಂತು, ಮುಗಿಯಿತು. ಅದಕ್ಕೇ ಆ ಕಥೆಗೆ ದಾರಿಯುದ್ದಕ್ಕೂ ಅಡ್ಡಿಗಳನ್ನು ಹುಡುಕಿ ಹುಡುಕಿ ಜೋಡಿಸಬೇಕಾಗುತ್ತದೆ. ಹಾಡುಗಾರನ ಗಂಟಲು ಕಟ್ಟುತ್ತದೆ, ಅದಕ್ಕೆ ಔಷಧಿ ಅಂತ ಆನೆಯ ಹಾಲು, ಲದ್ದಿ, ಕೂದಲು ಸೇರಿಸಿದ ತೊಟ್ಟಿಯಲ್ಲಿ ಕೂರಿಸುತ್ತಾರೆ. ಆನೆ, ಫಕೀರ, ಮಹಾರಾಜ, ಹುಲಿ ಎಲ್ಲ ಬರುತ್ತಾರೆ, ಆದರೆ ಒಬ್ಬ ಭಾರತೀಯನ ಗುಣವೂ ನೆನಪಿನಲ್ಲಿ ಉಳಿಯುವುದಿಲ್ಲ. ಗೊಸಿನಿಯೂ ದೇಶಗಳನ್ನು ತಮಾಷೆ ಮಾಡಿದವರೇ. ಬ್ರಿಟಿಷರು ಯುದ್ಧದ ಮಧ್ಯೆ ಸಂಜೆ ಐದಕ್ಕೆ ಬಿಸಿನೀರು ಕುಡಿಯಲು ಎದ್ದು ಹೋಗುತ್ತಾರೆ, ಕಾರ್ಸಿಕಾದವರು ತಲೆಮಾರುಗಳ ಹಗೆ ಕಾಯುತ್ತಾರೆ. ಅವು ಜನರ ನಡವಳಿಕೆಯ ಬಗ್ಗೆ ಮಾಡಿದ ತಮಾಷೆ. ಹಾಗಾಗಿ ಆ ಜನ ಪುಟದಲ್ಲಿ ಬದುಕಿದ್ದಾರೆ.

ಗೊಸಿನಿ ಪ್ಯಾರಿಸ್‌ನಲ್ಲಿ ಹುಟ್ಟಿ ಬ್ಯೂನಸ್ ಐರಿಸ್‌ನಲ್ಲಿ ಬೆಳೆದವರು, ಆಮೇಲೆ ನ್ಯೂಯಾರ್ಕ್‌ನಲ್ಲಿ ಕಷ್ಟಪಟ್ಟವರು. ಎಲ್ಲ ಕಡೆಯೂ ಸ್ವಲ್ಪ ಹೊರಗಿನವರಾಗಿದ್ದರು. ಜನರನ್ನು ನೋಡುವ ಕಣ್ಣು ಅಲ್ಲಿಂದ ಬಂದಿರಬೇಕು ಅಂತ ನನ್ನ ಊಹೆ. ಇನ್ನೊಂದು ವಿಷಯ ಹೇಳಲೇಬೇಕು. ಆ ಕಾಲಕ್ಕೆ ಕಾಮಿಕ್ಸ್‌ನಲ್ಲಿ ಕಥೆ ಬರೆಯುವವನಿಗೆ ಹೆಸರೂ ಇರಲಿಲ್ಲ, ಸರಿಯಾದ ದುಡ್ಡೂ ಇರಲಿಲ್ಲ. 1956ರಲ್ಲಿ ಗೊಸಿನಿ, ಉಡೆರ್ಜೊ ಮತ್ತು ಜಾನ್-ಮಿಷೆಲ್ ಶಾರ್ಲಿಯೆ ಲೇಖಕರ ಹಕ್ಕಿಗಾಗಿ ಒಟ್ಟಾಗಿ ನಿಂತರು, ಅದಕ್ಕೇ ಕೆಲಸ ಕಳೆದುಕೊಂಡರು. ಇವತ್ತು ನಾವು "ಈ ಲೇಖಕನ ಶೈಲಿ, ಆ ಲೇಖಕನ ಶೈಲಿ" ಅಂತ ಇಷ್ಟು ಸಲೀಸಾಗಿ ವಾದ ಮಾಡುತ್ತೇವಲ್ಲ, ಕಾಮಿಕ್ಸ್‌ಗೆ ಒಬ್ಬ ಲೇಖಕ ಇರುತ್ತಾನೆ ಅಂತ ಹೊರಗೆ ಗೊತ್ತಾಗಲು ಇಂಥವರು ಬೆಲೆ ತೆತ್ತಿದ್ದಾರೆ.

ನನ್ನ ಗೆಳತಿಯೊಬ್ಬಳು ಉಡೆರ್ಜೊ ಪಕ್ಷ. ಅವಳ ವಾದದಲ್ಲಿ ತೂಕ ಇದೆ. "ಆ ಜಗಳಗಳನ್ನು ನಗುವ ಹಾಗೆ ಚಿತ್ರದಲ್ಲಿ ಬಿಡಿಸಿದವರು ಯಾರು? ಮುಖ ಯಾರದು? ಮೀನಿನ ಏಟು ಬಿದ್ದಾಗ ಆ ಕಣ್ಣು ಯಾರು ಬಿಡಿಸಿದ್ದು?" ಅನ್ನುತ್ತಾಳೆ. ಸರಿಯೇ. 1959ರ ಬೇಸಿಗೆಯಲ್ಲಿ ಬೋಬಿನಿಯ ಉಡೆರ್ಜೊ ಮನೆಯಲ್ಲಿ ಇಬ್ಬರೂ ಕೂತು ಈ ಲೋಕ ಕಟ್ಟಿದಾಗ ಉಡೆರ್ಜೊ ಮೊದಲು ಬಿಡಿಸಿದ್ದು ದೈತ್ಯ ಗಾಲ್ ವೀರನನ್ನು. ನಾಯಕ ಚಿಕ್ಕವನಾಗಿರಲಿ, ಬುದ್ಧಿವಂತನಾಗಿರಲಿ ಅಂದವರು ಗೊಸಿನಿ. ದೊಡ್ಡ ದೇಹವನ್ನು ಬಿಡಲು ಮನಸ್ಸಾಗದೆ ಉಡೆರ್ಜೊ ಅವನ ಪಕ್ಕಕ್ಕೆ ಒಬೆಲಿಕ್ಸ್‌ನನ್ನು ತಂದರು. ಒಬೆಲಿಕ್ಸ್ ಇಲ್ಲದ ಆಸ್ಟೆರಿಕ್ಸ್ ಯಾರಿಗೆ ಬೇಕು?

1970ರ ರೋಮನ್ ಏಜೆಂಟ್ ಕಥೆ ಇಬ್ಬರ ಜೋಡಿ ಕೆಲಸಕ್ಕೆ ನನ್ನ ಪ್ರಕಾರ ಅತ್ಯುತ್ತಮ ಉದಾಹರಣೆ. ಕಾನ್ವಾಲ್ವುಲಸ್ ಅಂತ ಒಬ್ಬ ಕುಳ್ಳ. ಅವನು ಎಲ್ಲಿ ಕಾಲಿಟ್ಟರೂ ಜಗಳ. ಸಿಂಹಗಳ ಮುಂದೆ ಎಸೆದರೆ ಸಿಂಹಗಳು ಒಂದನ್ನೊಂದು ತಿಂದುಬಿಡುತ್ತವೆ. ಗಾಲ್ ಹಳ್ಳಿಗೆ ಬಂದು ಅವನು ಮಾಡುವುದು ಬಹಳ ಚಿಕ್ಕ ಕೆಲಸ. "ಈ ಊರಿನ ಅತಿ ಮುಖ್ಯ ವ್ಯಕ್ತಿಗೆ" ಅಂತ ಒಂದು ಹೂದಾನಿಯನ್ನು ಆಸ್ಟೆರಿಕ್ಸ್ ಕೈಗೆ ಕೊಡುತ್ತಾನೆ, ಊರ ಮುಖ್ಯಸ್ಥನ ಹುಟ್ಟುಹಬ್ಬದ ಹೊತ್ತಿಗೆ. ಅಷ್ಟೇ. ಮುಖ್ಯಸ್ಥನಿಗಿಂತ ಅವನ ಹೆಂಡತಿ ಇಂಪೆಡಿಮೆಂಟಾಗೆ ಉರಿಯುತ್ತದೆ. ಸಂಜೆಯೊಳಗೆ ಊರೆಲ್ಲ ಗುಸುಗುಸು. ಯಾರೂ ಶಕ್ತಿಮದ್ದು ಕುಡಿದಿಲ್ಲ, ಯಾವ ಮಂತ್ರವೂ ಇಲ್ಲ. ಉಡೆರ್ಜೊ ಇಲ್ಲಿ ಮಾತಿನ ಗುಳ್ಳೆಗಳಿಗೆ ಹಸಿರು ಬಣ್ಣ ತುಂಬಿದರು. ಹೊಟ್ಟೆಕಿಚ್ಚು ಏರಿದಂತೆ ಹಸಿರು ಏರುತ್ತದೆ. ಓದದೆ ಬರೀ ಪುಟ ತಿರುಗಿಸಿದರೂ ಊರಿನಲ್ಲಿ ವಿಷ ಹೇಗೆ ಹರಡಿತು ಅಂತ ಕಾಣುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶದಿಂದ ನೆಂಟರು ಮಾತು ಬಿಡುವುದನ್ನು ನೋಡಿದ ನಮಗೆ ಈ ಕಥೆ ವಿವರಿಸಿ ಹೇಳಬೇಕಾಗಿಲ್ಲ.

ಮ್ಯಾನ್ಶನ್ಸ್ ಆಫ್ ದಿ ಗಾಡ್ಸ್ ಬಗ್ಗೆ ಇನ್ನಷ್ಟು ಹೇಳದೆ ಇರಲಾರೆ. ಸೀಸರ್‌ಗೆ ಹಳ್ಳಿಯನ್ನು ಗೆಲ್ಲಲು ಆಗುತ್ತಿಲ್ಲ. ಸರಿ, ಕಾಡು ಕಡಿದು ಸುತ್ತ ಅಪಾರ್ಟ್‌ಮೆಂಟ್ ಕಟ್ಟಿಬಿಡೋಣ ಅನ್ನುತ್ತಾನೆ. ಹಳ್ಳಿಯಲ್ಲಿ ಶಕ್ತಿಮದ್ದು ಕಾಯಿಸುವ ಪುರೋಹಿತ ಗೆಟಫಿಕ್ಸ್ ಮಂತ್ರಿಸಿದ ಬೀಜ ಕೊಡುತ್ತಾನೆ, ನೆಟ್ಟ ತಕ್ಷಣ ಮರ ಏಳುತ್ತದೆ. ಇಲ್ಲೂ ಮಾಯೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆದರೆ ಅದರಿಂದ ಸಮಸ್ಯೆ ಬಗೆಹರಿಯುವುದಿಲ್ಲ! ಮರ ಕಡಿಯುವ ಗುಲಾಮರ ಪಾಡು ನೋಡಲಾಗದೆ ಗಾಲ್‌ಗಳೇ ಹಿಂದೆ ಸರಿಯಬೇಕಾಗುತ್ತದೆ. ಗುಲಾಮರಿಗೆ ಶಕ್ತಿಮದ್ದು ಕುಡಿಸಿದರೆ ಅವರು ಓಡಿಹೋಗುವುದಿಲ್ಲ, ಕೂತು ಸಂಬಳದ ಮಾತುಕತೆ ನಡೆಸುತ್ತಾರೆ. ಅದನ್ನು ನೋಡಿದ ಸೈನಿಕರಿಗೆ ನಮಗೂ ಬೇಕು ಅನಿಸುತ್ತದೆ. ಮಾಯೆ ಬಂದು ಮನುಷ್ಯರ ಸ್ವಭಾವಕ್ಕೆ ಡಿಕ್ಕಿ ಹೊಡೆದು ಬೇರೆ ದಿಕ್ಕಿಗೆ ಹೋಗುತ್ತದೆ. ಗೊಸಿನಿಯ ಶೈಲಿ ಅಂದರೆ ನನಗೆ ಇದೇ.

ಆಮೇಲೆ ರೋಮಿನವರು ಬಂದು ನೆಲೆಸುತ್ತಾರೆ, ಹಳ್ಳಿಗೆ ಮೀನು ಕೊಳ್ಳಲು ಬರುತ್ತಾರೆ. ಮೀನಿನ ಬೆಲೆ ಏರುತ್ತದೆ. ನೋಡನೋಡುತ್ತ ಊರಿನವರೆಲ್ಲ ಮೀನಿನಂಗಡಿ, ಹಳೇ ಆಯುಧದ ಅಂಗಡಿ ತೆರೆಯುತ್ತಾರೆ. ಸೀಸರ್‌ನ ಸೈನ್ಯ ಮಾಡಲಾಗದ ಕೆಲಸವನ್ನು ಗಿರಾಕಿಗಳು ಮಾಡುತ್ತಾರೆ. ಬೆಂಗಳೂರಿನ ಅಂಚಿನಲ್ಲಿ ಲೇಔಟ್ ಎದ್ದ ಊರುಗಳನ್ನು ನೋಡಿ. ಮೊದಲು ತೋಟ ಹೋಗುತ್ತದೆ, ಆಮೇಲೆ ಬೀದಿಯ ಎರಡೂ ಬದಿ ಅಂಗಡಿ, ಆಮೇಲೆ ಅಣ್ಣತಮ್ಮಂದಿರ ನಡುವೆ ಲೆಕ್ಕಾಚಾರ. ಐವತ್ತು ವರ್ಷಕ್ಕೂ ಹಿಂದೆ ಪ್ಯಾರಿಸ್ ಸುತ್ತಮುತ್ತ ಏಳುತ್ತಿದ್ದ ಕಟ್ಟಡ ನೋಡಿ ಬರೆದದ್ದು ಇಲ್ಲಿಗೆ ಒಂದು ಅಕ್ಷರ ಬದಲಿಸದೆ ಹೊಂದುತ್ತದೆ.

ಗೊಸಿನಿ 1977ರ ನವೆಂಬರ್ 5ರಂದು ಹೃದಯದ ಪರೀಕ್ಷೆ ನಡೆಯುತ್ತಿರುವಾಗಲೇ ತೀರಿಕೊಂಡರು. ವಯಸ್ಸು 51. ಬೆಲ್ಜಿಯಂ ಕಥೆಯ ಬರವಣಿಗೆ ಮುಗಿದಿತ್ತು, ಚಿತ್ರಗಳು ಇನ್ನೂ ಬಾಕಿ ಇದ್ದವು. ಉಡೆರ್ಜೊ ಅದನ್ನು ಮುಗಿಸಿದರು, 1979ರಲ್ಲಿ ಪುಸ್ತಕ ಬಂತು. ಅದರಲ್ಲಿ ಒಂದು ಪುಟದಿಂದ ಮುಂದೆ ಆಕಾಶ ಕಪ್ಪಾಗುತ್ತದೆ, ಮಳೆ ಹಿಡಿಯುತ್ತದೆ. ಗೆಳೆಯ ಹೋದ ಮೇಲೆ ಬಿಡಿಸಿದ ಪುಟಗಳವು. ಉಡೆರ್ಜೊಗೆ ಬರವಣಿಗೆ ಬರುತ್ತಿರಲಿಲ್ಲ ಅಂತ ಹಗುರವಾಗಿ ಮಾತಾಡುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅವರು ಹಳ್ಳಿಯನ್ನು ಅಲ್ಲಿಗೇ ನಿಲ್ಲಿಸಿ ಕೈ ತೊಳೆದುಕೊಳ್ಳಬಹುದಿತ್ತು. ಬದಲು ತಾವೇ ಪ್ರಕಾಶನ ಶುರು ಮಾಡಿದರು, ಅದಕ್ಕೆ ಇಬ್ಬರ ಹೆಸರನ್ನೂ ಇಟ್ಟರು, ಮುಖಪುಟದ ಮೇಲೆ ಗೊಸಿನಿ ಹೆಸರನ್ನು ಉಳಿಸಿಕೊಂಡರು. 1980ರ ಅವರ ಮೊದಲ ಕಥೆ ಚೆನ್ನಾಗಿದೆ. ಒಂದು ಹಳ್ಳಿಯ ನಡುವೆ ಕಂದಕ, ಎರಡೂ ಬದಿಗೆ ಒಬ್ಬೊಬ್ಬ ಮುಖ್ಯಸ್ಥ. ಅದು ಜಗಳದಿಂದ ಹುಟ್ಟಿದ ಕಥೆ, ಗಮನಿಸಿ. ಆಮೇಲೆ ಹಾರುವ ಚಾಪೆ, ಮುಳುಗಿದ ಅಟ್ಲಾಂಟಿಸ್, ಕೊನೆಗೆ 2005ರಲ್ಲಿ ಬೇರೆ ಗ್ರಹದವರು. ಡಿಸ್ನಿಗೆ ಗೌರವ ಅಂತ ಮಾಡಿದ ಆ ಪುಸ್ತಕದಲ್ಲಿ ಹಳ್ಳಿಯವರು ಬಾಯಿ ತೆರೆದು ಆಕಾಶ ನೋಡುತ್ತಾರೆ. ಅವರಿಗೆ ಮಾಡಲು ಬೇರೆ ಕೆಲಸವೇ ಇಲ್ಲ.

ಗೊಸಿನಿ ಪುಸ್ತಕಗಳಲ್ಲಿ ತಪ್ಪಿಲ್ಲ ಅಂತಲ್ಲ. ಹೆಂಗಸರು ಜಾಸ್ತಿ ಮಟ್ಟಿಗೆ ಜಗಳಗಂಟಿ ಹೆಂಡತಿಯರು ಇಲ್ಲವೇ ಚೆಲುವೆಯರು. ಕಡಲ್ಗಳ್ಳರ ಹಡಗಿನ ಮೇಲಿನ ಕಪ್ಪು ಕಾವಲುಗಾರನನ್ನು ಬಿಡಿಸಿದ ರೀತಿ ಇವತ್ತು ಮಕ್ಕಳಿಗೆ ತೋರಿಸುವಾಗ ಮುಜುಗರ ತರುತ್ತದೆ. ಉಡೆರ್ಜೊ 1991ರಲ್ಲಿ ಸ್ತ್ರೀವಾದದ ಬಗ್ಗೆ ಒಂದು ಕಥೆ ಬರೆದರು, ಅದು ಇನ್ನೂ ಹಿಂದಕ್ಕೆ ಹೋಯಿತು.

2013ರಿಂದ ಹೊಸಬರು ಬರೆಯುತ್ತಿದ್ದಾರೆ, ಚಿತ್ರ ದಿದಿಯೆ ಕಾನ್ರಾಡ್ ಅವರದು. 2023ರಲ್ಲಿ ಫಾಬ್‌ಕಾರೊ ಬರೆದ ಬಿಳಿ ಐರಿಸ್ ಕಥೆ ಓದಿ ನನಗೆ ಖುಷಿಯಾಯಿತು. ಒಬ್ಬ ರೋಮನ್ ವೈದ್ಯ ಹಳ್ಳಿಗೆ ಬಂದು ಒಳ್ಳೆಯದನ್ನೇ ಯೋಚಿಸಿ, ನಗುತ್ತಿರಿ ಅಂತ ಬೋಧನೆ ಮಾಡುತ್ತಾನೆ. ಜಗಳವಾಡುತ್ತಿದ್ದ ಊರು ನಯವಾಗಿ ಮಾತಾಡಲು ಶುರು ಮಾಡುತ್ತದೆ, ಅದೇ ಅಪಾಯ. ರೋಮನ್ ಏಜೆಂಟ್ ಕಥೆಯನ್ನು ತಲೆಕೆಳಗು ಮಾಡಿದ ಹಾಗಿದೆ. ಹಳ್ಳಿಯ ಉಸಿರು ಎಲ್ಲಿದೆ ಅಂತ ಈ ಲೇಖಕನಿಗೆ ಗೊತ್ತು.

ಈಗ ನನ್ನ ಮೆಚ್ಚಿನದು. ಹೆಚ್ಚಿನವರು ಕ್ಲಿಯೋಪಾತ್ರ ಅನ್ನುವ ಕಡೆ ನಾನು 1976ರ ಒಬೆಲಿಕ್ಸ್ ಆ್ಯಂಡ್ ಕಂಪನಿ ಅನ್ನುತ್ತೇನೆ. ಅರ್ಥಶಾಸ್ತ್ರ ಓದಿ ಬಂದ ಒಬ್ಬ ರೋಮನ್ ಯುವಕ, ಆಗ ಫ್ರಾನ್ಸಿನ ಪ್ರಧಾನಿಯಾಗಿದ್ದ ಜಾಕ್ ಶಿರಾಕ್‌ರ ಮುಖ ಹೊತ್ತವನು, ಒಬೆಲಿಕ್ಸ್‌ನ ಮೆನ್‌ಹಿರ್ ಕಲ್ಲುಗಳನ್ನು ದಿನದಿಂದ ದಿನಕ್ಕೆ ಜಾಸ್ತಿ ಬೆಲೆ ಕೊಟ್ಟು ಕೊಳ್ಳುತ್ತಾನೆ. ಏನಕ್ಕೂ ಬಾರದ ಕಲ್ಲು. ಇನ್ನಷ್ಟು ಕಲ್ಲು ಬೇಕಾಗುತ್ತದೆ, ಒಬೆಲಿಕ್ಸ್ ಆಳುಗಳನ್ನು ಇಡುತ್ತಾನೆ, ಝಗಮಗಿಸುವ ಬಟ್ಟೆ ಹಾಕುತ್ತಾನೆ. ಕಾಡಿಗೆ ಹಂದಿ ಬೇಟೆಗೆ ಹೋಗಲು ಅವನಿಗೆ ಪುರುಸೊತ್ತಿಲ್ಲ. ಕೆಲಸಕ್ಕೆ ಬಾ ಅಂತ ಆಸ್ಟೆರಿಕ್ಸ್‌ನನ್ನು ಕರೆಯುತ್ತಾನೆ, ಆಸ್ಟೆರಿಕ್ಸ್ ಒಲ್ಲೆ ಅನ್ನುತ್ತಾನೆ. ಅಲ್ಲಿಂದ ಮುಂದೆ ಇಬ್ಬರೂ ಬೇರೆ ಬೇರೆ ಓಡಾಡುವ ಪುಟಗಳಿವೆ. ರೋಮಿನಲ್ಲಿ ಕಲ್ಲು ತುಂಬಿ ನಾಣ್ಯದ ಬೆಲೆ ಕುಸಿಯುವುದು, ಈಜಿಪ್ಟಿನ ಕಲ್ಲು, ಗ್ರೀಕ್ ಕಲ್ಲು ಅಂತ ಪೈಪೋಟಿ ನಡೆಯುವುದು, ಎಲ್ಲ ನಗು ತರಿಸುತ್ತದೆ. ಆದರೆ ನಾನು ಮತ್ತೆ ಮತ್ತೆ ತೆರೆಯುವುದು ಇಬ್ಬರು ಗೆಳೆಯರ ಆ ಪುಟಗಳನ್ನು. ದುಡ್ಡಿನಿಂದ ಗೆಳೆತನ ಹೇಗೆ ತಣ್ಣಗಾಗುತ್ತದೆ ಅಂತ ಇಷ್ಟು ಕಡಿಮೆ ಮಾತಿನಲ್ಲಿ ಬರೆದ ಇನ್ನೊಂದು ಕಾಮಿಕ್ಸ್ ನಾನು ಓದಿಲ್ಲ.