ಕೂತು ಕೆಟ್ಟ ಗರಗಸ

ಮಲೆನಾಡಿನ ಅಡಿಕೆ ಮನೆಯಲ್ಲಿ ಹಳೇ ಚೈನ್ ಸಾ, ಅಂದರೆ ಮರ ಕೊಯ್ಯುವ ಪೆಟ್ರೋಲ್ ಗರಗಸ, ಕೈಕೊಟ್ಟರೆ ಅದು ಮನೆಯವರ ಸ್ವಂತ ವಿಚಾರವಾಗಿ ಉಳಿಯುವುದಿಲ್ಲ. ಸೊಸೈಟಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲೆಲ್ಲೂ ಸಲಹೆ ಸಿಗುತ್ತದೆ. "ಹಳೇದರ ಗಟ್ಟಿ ಈಗಿನದಕ್ಕೆಲ್ಲಿ ಬರುತ್ತೆ, ಎಂಜಿನ್ ಬೋರ್ ಮಾಡಿಸಿ ಮಾರಾಯ್ರೆ" ಎನ್ನುವವರು ಕೆಲವರು. "ಅದಕ್ಕೆ ಸುರಿಯೋ ದುಡ್ಡಿಗೆ ಹೊಸದೇ ಬರುತ್ತಲ್ಲ" ಎನ್ನುವವರು ಉಳಿದವರು. ಬೋರ್ ಮಾಡಿಸಿ ಎಂದವರ ಮನೆಯಲ್ಲಿ ಸಾಮಾನ್ಯವಾಗಿ ಹೊಸ ಮೆಷಿನ್ ಇರುತ್ತದೆ!

ಹಳೇ ಬೈಕಿಗೆ ಮಾಡಿದ ಹಾಗೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಇದಕ್ಕೆ ಬೋರ್ ಮಾಡಿಸಲು ಬರುವುದೂ ಇಲ್ಲ. ಅಲ್ಯೂಮಿನಿಯಂ ಸಿಲಿಂಡರಿನ ಒಳಗೆ ನಿಕಲ್ ಅಥವಾ ಕ್ರೋಮಿನ ತೆಳು ಲೇಪ ಇರುತ್ತದೆ. ಅದು ಎದ್ದುಹೋದರೆ ಪಿಸ್ಟನ್ ಸಮೇತ ಸಿಲಿಂಡರ್ ಕಿಟ್ಟೇ ಬದಲಾಯಿಸಬೇಕು. ಹಾಗಾಗಿ ಸಲಹೆ ಕೇಳುವ ಮೊದಲು ಸೈಲೆನ್ಸರ್ ಬಿಚ್ಚುವುದು ಒಳ್ಳೆಯದು. ಆ ಕಿಂಡಿಯಲ್ಲಿ ಪಿಸ್ಟನ್ ಕಾಣುತ್ತದೆ. ಉದ್ದುದ್ದ ಗೀರು ಬಿದ್ದಿದ್ದರೆ, ಯಾರೋ ಪೆಟ್ರೋಲಿಗೆ ಬೆರೆಸಬೇಕಾದ ಟೂ-ಟಿ ಆಯಿಲ್ ಹಾಕದೆ ಬರೀ ಪೆಟ್ರೋಲ್ ಕುಡಿಸಿರುವ ಸಾಧ್ಯತೆಯೇ ಜಾಸ್ತಿ. ಸಾಮಾನ್ಯ ಲೆಕ್ಕ ಲೀಟರಿಗೆ 20 ಮಿಲಿ. ಕೇಳಿದರೆ ಯಾರೂ ಒಪ್ಪುವುದಿಲ್ಲ, ಬಿಡಿ.

ನಮ್ಮದರ ಪಿಸ್ಟನ್ ನುಣ್ಣಗಿತ್ತು. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಬಿಗಿಯೂ ಇತ್ತು, ಅಂದರೆ ಎಂಜಿನ್ ಗಟ್ಟಿಯೇ. ಕೆಟ್ಟಿದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್. ಒಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಹಪ್ಪಳದಂತೆ ಬಿರುಸಾಗಿತ್ತು. ಪೆಟ್ರೋಲ್ ಪೈಪು ಮುಟ್ಟಿದರೆ ತುಂಡಾಗುತ್ತಿತ್ತು. ಅಂದರೆ ಇದು ದುಡಿದು ಸವೆದಿದ್ದಲ್ಲ, ಕೂತು ಕೆಟ್ಟಿದ್ದು. ಮೊದಲು ಅಡುಗೆಗೆ, ಬಚ್ಚಲ ಒಲೆಗೆ, ಅಡಿಕೆ ಬೇಯಿಸಲು ಎಲ್ಲಕ್ಕೂ ಸೌದೆ ಬೇಕಿತ್ತು. ಈಗ ಗ್ಯಾಸು, ಸೋಲಾರು ಬಂದಿವೆ. ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ಮನೆಯಲ್ಲಿ ಅಡಿಕೆ ಬೇಯಿಸುವ ಕೆಲಸವೂ ಇಲ್ಲ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದಾಗಲೇ ಗರಗಸದ ನೆನಪು. ಉಳಿದ ಕಾಲ ಅದು ಹೊಟ್ಟೆಯಲ್ಲಿ ಪೆಟ್ರೋಲ್ ಇಟ್ಟುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಆ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥೆನಾಲ್. ಅದು ನೀರು ಹೀರುತ್ತದೆ, ಹಳೇ ರಬ್ಬರಿಗೆ ಆಗಿಬರುವುದಿಲ್ಲ.

ಹೊಸದು ತಂದರೂ ಅದೇ ಮೂಲೆಯಲ್ಲಿ ಕೂರುವುದೇ ಅಲ್ವಾ? ಅಳಿಯ ಬ್ಯಾಟರಿಯದು ತಗೊಳ್ಳಿ ಎಂದ. ಸಣ್ಣ ಕೊಂಬೆಗೆ ಅಡ್ಡಿಯಿಲ್ಲ. ಆದರೆ ನಮ್ಮಲ್ಲಿ ಮರ ಬೀಳುವುದೇ ಕರೆಂಟ್ ತಂತಿಯ ಮೇಲೆ. ಚಾರ್ಜ್ ಮಾಡುವುದೆಲ್ಲಿ?

ಒಂದು ವಿಷಯದಲ್ಲಿ ಮಾತ್ರ ಹಳೇದೆಂಬ ಪ್ರೀತಿ ಸಲ್ಲ. ಚೈನ್ ಸುತ್ತುವ ಉದ್ದನೆಯ ಪಟ್ಟಿಯ (ಬಾರ್) ತುದಿ ಮರಕ್ಕೆ ತಾಗಿ ಮೆಷಿನ್ ಮುಖದ ಕಡೆ ಚಿಮ್ಮಿದರೆ ಚೈನನ್ನು ನಿಲ್ಲಿಸುವುದು ಚೈನ್ ಬ್ರೇಕ್. ಅದೇ ಇಲ್ಲದ ಗರಗಸ ಎಷ್ಟೇ ಚೆನ್ನಾಗಿ ಓಡಲಿ, ಗುಜರಿಗೆ ಹಾಕುವುದೇ ಸರಿ. ನಮ್ಮದರಲ್ಲಿ ಬ್ರೇಕ್ ಸರಿಯಿತ್ತು. ಕಾರ್ಬುರೇಟರ್ ಕಿಟ್ಟು, ಪೈಪು, ಪ್ಲಗ್ಗು ತಂದು ಹಾಕಿದ್ದಾಯಿತು. ಹೊಸ ಮೆಷಿನ್ನಿನ ರೇಟಿನ ಮುಂದೆ ಅದು ಚಿಲ್ಲರೆ ಖರ್ಚು.

ಸ್ಟಾರ್ಟ್ ಆದ ಸದ್ದಿಗೆ ಪಕ್ಕದ ಮನೆಯವರು ಬೇಲಿ ದಾಟಿ ಬಂದರು. "ಸರಿಯಾಯ್ತಾ? ಒಂದು ಹಲಸಿನ ಕೊಂಬೆ ಇತ್ತು..." ಮರುದಿನ ಇನ್ನೊಬ್ಬರು. ಈಗ ಟ್ಯಾಂಕಿನ ಪೆಟ್ರೋಲ್ ಹಳೇದಾಗುವಷ್ಟು ದಿನ ಉಳಿಯುತ್ತಲೇ ಇಲ್ಲ.