ಸೊಂಟದ ಅಳತೆ ಟೈಲರ್‌ಗೆ ಮಾತ್ರ ಯಾಕೆ ಗೊತ್ತಿರಬೇಕು?

ಹೋದ ಸಲ ದಾವಣಗೆರೆಗೆ ಬಂದಾಗ ಚೌಕಿಪೇಟೆಯ ನಮ್ಮ ಹಳೇ ಟೈಲರ್ ಹತ್ರ ಪ್ಯಾಂಟ್ ಹೊಲಿಸೋಕೆ ಹೋಗಿದ್ದೆ. ಟೇಪ್ ಸುತ್ತಿ ಸೊಂಟ 36 ಇಂಚು ಅಂತ ಬರೆದುಕೊಂಡರು. ನನ್ನ ಮದುವೆ ಪ್ಯಾಂಟಿಗೆ ಇದೇ ಅಳತೆ 32 ಇತ್ತು. "ಮೈಕೈ ತುಂಬ್ಕೊಂಡು ಚೆನ್ನಾಗಿದ್ದೀರಿ ಬಿಡ್ರಿ" ಅಂದರು. ಮನೆಯಲ್ಲಿ ಅಮ್ಮನೂ ಅದನ್ನೇ ಹೇಳಿದ್ದರು.

ಎರಡು ತಿಂಗಳಾದ ಮೇಲೆ, ನಾನು ಕೆಲಸ ಮಾಡೋ ಜಪಾನಿನ ನಗೋಯಾದಲ್ಲಿ ಕಂಪನಿಯ ಹೆಲ್ತ್ ಚೆಕಪ್. ನರ್ಸ್ ಹೊಕ್ಕಳ ಮಟ್ಟಕ್ಕೆ ಟೇಪ್ ಹಿಡಿದು, ಉಸಿರು ಮೆಲ್ಲಗೆ ಬಿಡಿ ಅಂದರು. 91 ಸೆಂ.ಮೀ. ಜಪಾನಿನಲ್ಲಿ 2008ರಿಂದ 40ರಿಂದ 74 ವರ್ಷದವರ ತಪಾಸಣೆಯಲ್ಲಿ ಸೊಂಟ ಅಳೆಯುತ್ತಾರೆ. ಗಂಡಸರಿಗೆ 85, ಹೆಂಗಸರಿಗೆ 90 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಜೊತೆಗೆ ಬಿಪಿ, ಶುಗರ್, ರಕ್ತದ ಕೊಬ್ಬಿನಲ್ಲಿ ಏನಾದರೂ ಏರುಪೇರಿದ್ದರೆ ಕೂರಿಸಿ ಮಾತಾಡುತ್ತಾರೆ. ನನ್ನ ಮೂರು ತಿಂಗಳ ಸರಾಸರಿ ಶುಗರ್ (HbA1c) 5.8% ಇತ್ತು, ಮಾಮೂಲಿಗಿಂತ ಸ್ವಲ್ಪ ಜಾಸ್ತಿ. "ಇನ್ನೂ ಶುಗರ್ ಬಂದಿಲ್ವಲ್ಲ" ಅಂದೆ.

ಆಕೆ ಅರ್ಧ ಗಂಟೆ ಬಿಡಿಸಿ ಹೇಳಿದರು. ಹೊಟ್ಟೆ ಒಳಗೆ, ಲಿವರ್‌ನಲ್ಲಿ ಕೊಬ್ಬು ಕೂತರೆ, ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಹೇಳಿದ ಮಾತನ್ನು ಮೈ ಸರಿಯಾಗಿ ಕೇಳೋದಿಲ್ಲ, ಆಗ ಮೇದೋಜೀರಕ ಗ್ರಂಥಿ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿದು ಹೇಗೋ ಶುಗರ್ ಹತೋಟಿಯಲ್ಲಿ ಇಡುತ್ತೆ, ಹೀಗೆ ಎಷ್ಟೋ ವರ್ಷ ರಿಪೋರ್ಟ್ ಚೆನ್ನಾಗೇ ಇರುತ್ತೆ. ಆ ಗ್ರಂಥಿ ಸೋತ ದಿನ ಶುಗರ್ ಏರುತ್ತೆ. ಅಷ್ಟರಲ್ಲಿ ರಕ್ತನಾಳಕ್ಕೆ ಪೆಟ್ಟು ಬೀಳೋಕೆ ಶುರುವಾಗಿರುತ್ತೆ. ಹೃದಯ, ಕಿಡ್ನಿ, ಕಣ್ಣು, ಕಾಲು ಎಲ್ಲಕ್ಕೂ ಅಪಾಯ.

ಅಪ್ಪಾಜಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಕಾಲಿನ ಗಾಯ ಒಣಗದೇ ಇದ್ದಾಗ. ನೋಡೋಕೆ ಸಣ್ಣಗಿದ್ದರು, ಹೊಟ್ಟೆ ಮಾತ್ರ ಇತ್ತು. ನಮ್ಮವರ ಕಥೆಯೇ ಇದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ ತಮ್ಮದೇ ಮೈ ಅಳೆದು ತೋರಿಸಿದ್ದರು: ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3, ಆದರೆ ಕೊಬ್ಬು ಯಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ತೂಕದ ಮಷಿನ್ ಇದನ್ನು ಹೇಳೋದಿಲ್ಲ. ಅದಕ್ಕೇ ಭಾರತೀಯರಿಗೆ ಸೊಂಟದ ಮಿತಿ ಬೇರೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ಬೆಣ್ಣೆ ದೋಸೆ ಬಿಡಿ ಅಂತ ನಾನು ಹೇಳ್ತಿಲ್ಲ. ಜಪಾನಿನವರೂ ಅನ್ನ ತಿನ್ನುತ್ತಾರೆ, ಆದರೆ ಸಣ್ಣ ಬಟ್ಟಲಲ್ಲಿ, ಮತ್ತೆ ಸ್ಟೇಷನ್‌ಗೆ ದಿನಾ ನಡೀತಾರೆ. ನಮ್ಮಜ್ಜ ಕಾಟನ್ ಮಿಲ್‌ನಲ್ಲಿ ಪಾಳಿ ಪೂರ್ತಿ ನಿಂತು ದುಡಿದವರು. ದುಡಿಯೋ ಸ್ನಾಯು ಹೆಚ್ಚು ಇನ್ಸುಲಿನ್ ಕೇಳದೇ ರಕ್ತದ ಸಕ್ಕರೆ ಎಳೆದುಕೊಳ್ಳುತ್ತೆ. ಈಗ ನಮ್ಮನೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಹತ್ತಕ್ಕೆ ಅನ್ನ ಸಾರು, ತಕ್ಷಣ ಹಾಸಿಗೆ. ಬೀದಿ ಕೊನೆಯ ಅಂಗಡಿಗೂ ಸ್ಕೂಟರ್.

ನಮ್ಮಲ್ಲಿ ಅಳೆಯೋ ವ್ಯವಸ್ಥೆ ಇಲ್ಲ ಅಂತಲ್ಲ. 30 ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಸೊಂಟದ ಅಳತೆಯೂ ಇದೆ. ಆದರೆ ಅಮ್ಮ ನಾಚಿಕೊಂಡು ಲಂಗದ ಸೈಜ್ ಹೇಳಿ ಕಳಿಸಿದ್ದರಂತೆ. ನನಗೆ ಬೇಜಾರಾಗೋದು ಇಲ್ಲೇ. ಸೊಂಟ ಅಳೆಯೋದು ನಮಗೆ ನಾಚಿಕೆ, ಹೊಟ್ಟೆ ಬಂದರೆ ಮಾತ್ರ ಖುಷಿ.

ಅದಕ್ಕಿಂತ ಚುರುಕ್ ಅಂದಿದ್ದು ಅಕ್ಕನ ಮಗನನ್ನು ನೋಡಿ. ಹದಿಮೂರು ವರ್ಷ. ಕತ್ತಿನ ಹಿಂದೆ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪು. ಅಕ್ಕ ಕೊಳೆ ಅಂತ ಕಡ್ಲೆಹಿಟ್ಟು, ನಿಂಬೆ ಹಚ್ಚಿ ಚರ್ಮ ಕೆಂಪಾಗೋ ತನಕ ಉಜ್ಜುತ್ತಿದ್ದಳು, ಹುಡುಗ ಸುಮ್ನೆ ತಲೆ ಬಗ್ಗಿಸಿ ಕೂತಿದ್ದ. ಆಗ ನನಗೂ ಗೊತ್ತಿರಲಿಲ್ಲ. ದಪ್ಪಗಿರೋ ಮಕ್ಕಳಲ್ಲಿ ಅದು ಇನ್ಸುಲಿನ್ ಕೆಲಸ ಕೆಡ್ತಿರೋ ಗುರುತಾಗಿರಬಹುದು ಅಂತ ಜಪಾನಿನಲ್ಲಿ ಓದಿದ ರಾತ್ರಿಯೇ ಫೋನ್ ಮಾಡಿದೆ. "ಅಕ್ಕಾ, ಉಜ್ಜಬೇಡ, ಡಾಕ್ಟರಿಗೆ ತೋರಿಸು" ಅಂದೆ.

ತೋರಿಸಿದಳು. ಈಗ ಅಪ್ಪಾಜಿ ಜೊತೆ ಅವನೂ ಬೆಳಿಗ್ಗೆ ಕುಂದವಾಡ ಕೆರೆ ಸುತ್ತುತ್ತಾನೆ. ಪ್ರತಿ ತಿಂಗಳ ಮೊದಲ ಭಾನುವಾರ ಇಬ್ಬರೂ ಟೇಪ್ ಹಿಡಿದು ನನಗೆ ವೀಡಿಯೋ ಕಾಲ್ ಮಾಡ್ತಾರೆ.